ಜವಾರಿ

ಗೋಣಿಚೀಲದ ಮ್ಯಾಲ ಮೂರು ಪೆಡಲ್.
ಶಟರ್ ಅರ್ಧ ಇಳಿಸೇವಿ. ಸುಭಾಸ ರೋಡಿನ ಗದ್ದಲ
ಮೊಣಕಾಲ ಮಟ ಅಷ್ಟ ಒಳಗ ಬರತೈತಿ.

ವಿಲ್ಸನ್ ಮಾಳಗಿ ಬೆಟಗೇರಿಯಿಂದ ಬಂದಾನ.
ಹಗಲೆಲ್ಲ ಮೋಟಾರ್ ರಿವೈಂಡಿಂಗ್, ಉಗುರಿನ ಸಂದ್ಯಾಗ ವಾರ್ನಿಶ್.
“ಕಣ್ಣ ಮುಚ್ಚಕೊಂಡು ಬಾರಸು. ನಾ ಒತ್ತತೇನಿ.
ಯಾವುದು ಅಂತ ಹೇಳಂಗಿಲ್ಲ” ಅಂದ.
ಅದ ಇ ಮೈನರ್, ಅದ ಮೀಟು, ಅದ ಜೋರು,
ಮೂರು ಸಲ.

ಮೊದಲನೇದು ನೆಗಡಿ ಆದವರ ಮಾತು.
ಮಾತು ಖರೆ, ಆದರ ಎಲ್ಲಾ ಮೂಗಿನ್ಯಾಗ.
ದಪ್ಪ ತಂತಿ ಎಲ್ಲಿ ಹೋತು?
ಬಾಜೂ ಮನಿ ಗ್ವಾಡಿ ಆಚೆ ನಿಂತು ಕೆಮ್ಮಿದಂಗ ಕೇಳತೈತಿ.
“ಹಂಗನಬ್ಯಾಡ” ಅಂದ ವಿಲ್ಸನ್,
“ಡ್ರಮ್ಮು, ಬಾಸು, ಕೀಬೋರ್ಡು, ಎಲ್ಲಾ ಒಮ್ಮೆ ಒದರಿದಾಗ
ಇಂಥಾದ್ದರ ಮಾತಽ ಮುಂದ ಬರೂದು.
ಸಂತ್ಯಾಗ ಬದನಿಕಾಯಿ ಮಾರಾಕಿ ದನಿ ಕೇಳಿ ಇಲ್ಲೇನು?”

ಎರಡನೇದು ಸುಮ್ಮನ ಸರದು ದಾರಿ ಬಿಡತು.
ಮೆಲ್ಲಕ ಮೀಟಿದರ ನನ್ನ ಗಿಟಾರೇ,
ಜೋರ ಮೀಟಿದರ ಸೆರಗು ಮುಳ್ಳಿಗೆ ಸಿಕ್ಕಂಗ
ತುದಿ ಅಷ್ಟ ಪರ್ ಅಂತು.
ಬ್ಯಾಡಗಿ ಮೆಣಸಿನಕಾಯಿ, ಅಂದೆ ನಾ,
ಕೈತುಂಬ ಬಣ್ಣ, ನಾಲಿಗೀಗೆ ಏನೂ ಇಲ್ಲ.
“ಹದಿನಾಕು ಸಾವಿರದ ಬಣ್ಣ ಅದು, ಸಾವಕಾಶ.”
ರೊಕ್ಕ ನಮ್ಮದಲ್ಲ. ಆರ್ಕೆಸ್ಟ್ರಾದ ಗುರುಸಿದ್ಧನದು.
ನಾಳೆ ಮುಂಜಾನೆ ತಿರುಗಿ ಕೊಡಬೇಕು.

ಮೂರನೇದರ ಸದ್ದಿಗಿಂತ ಮೊದಲ
ಲವಂಗದ ವಾಸನಿ ಬಂತು.
ಹೇಳದಿದ್ದರೂ ತಿಳೀತು.
ವಿಲ್ಸನ್ನನ ಅಜ್ಜಿ ಎಲಿಅಡಕಿ ಡಬ್ಬಿ,
ಸುಣ್ಣದ ಖಾನೆಯೊಳಗ ಈಗ ಬ್ಯಾಟರಿ.
ಸತ್ತ ರೇಡಿಯೋದ ಜರ್ಮೇನಿಯಂ ಒಂದು ಬದಿ,
ಸಂತಿ ಸಿಲಿಕಾನ್ ಒಂದು ಬದಿ.
ಅಲೆಯ ನೆತ್ತಿ ಒಂದು ಥರ, ಅಂಗಾಲು ಇನ್ನೊಂದು ಥರ ಕತ್ತರಿಸತಾವಂತ.
ಇರಲಿ. ನನ್ನ ಕಿವಿಗೆ ಆ ಲೆಕ್ಕ ಬರಂಗಿಲ್ಲ.
ಇದಕ ಏನನ್ನಲಿ?
ಹತ್ತೀ ಜಿನ್ನು ಅನ್ನಾಕ ಬರಂಗಿಲ್ಲ, ಅದು ಫಝ್,
ಪೂರಾ ಹಿಂಜಿ ಒಗದ ಸದ್ದು.
ಮಗ್ಗ ಅಲ್ಲ. ರೈಲಂತೂ ಅಲ್ಲವೇ ಅಲ್ಲ.
ಮತ್ತ ಬಾರಸಿದೆ. ಮತ್ತ.

ಮೂಲ್ಯಾಗ ಖಾಜೇಸಾಬ ಮಿರಜಕರ.
ಅಂಗಡಿ ಅವರದು, ಬಾಡಗಿ ಇಲ್ಲದ ನೆಲ ನಮ್ಮದು.
ತೊಡಿ ಮ್ಯಾಲ ಯಾರದೋ ತಂಬೂರಿ ಮಲಗಿಸಿಕೊಂಡು
ಅಷ್ಟೊತ್ತೂ ಒಂದು ಮಾತಾಡಿರಲಿಲ್ಲ.
ಈಗ ತಂತಿ ಒಂದನ್ನ ಮೀಟಿದರು: ಠಕ್. ಕಟ್ಟಿಗಿ.
ಕುದರಿ ಮ್ಯಾಲಿನ ದಾರ ಎಳ್ಳಿನಷ್ಟು ಸರಸಿದರು, ಮೀಟಿದರು,
ಅಂಗಡಿ ತುಂಬ ಜೇನು ಎದ್ದಂಗಾತು.
ಮತ್ತ ಎಳ್ಳಿನಷ್ಟು: ಕಟ್ಟಿಗಿ.
“ತಂತಿ ತಾಕಬೇಕು, ತಂಗೀ. ತಾಕಲೂಬಾರದು.
ನಿನ್ನ ಡಬ್ಬ್ಯಾಗ ದಾರ ಯಾವುದು?”

ನಮ್ಮ ಕಡೆ ಜವಾರಿ ಅಂದರ ಊರ ಕೋಳಿ, ಊರ ಬದನಿ,
ಅಂಗಡಿ ಬೀಜ ಅಲ್ಲದ್ದು.
ಖಾಜೇಸಾಬರ ಬಾಯಾಗ ಅದು ಈ ಗುಂಯ್.
ವಿಲ್ಸನ್ ಬಗ್ಗಿ ಗುಂಡಿ ತಿರುವಿದ,
ಎಳ್ಳಿನಷ್ಟಲ್ಲ, ಎಳ್ಳಿನ ಸಿಪ್ಪಿಯಷ್ಟು.

ಬಂತು.
ಮೀಟಿದ ಮ್ಯಾಲೂ ತಡದು ನಿಂತು ಒಳಗ ಕುಂತು,
ಹೋಗೂದಕ್ಕ ಮನಸ ಇಲ್ಲದ ಬೀಗರಂಗ
ಹೊಸ್ತಿಲದಾಗ ನಿಂತು ಮಾತ ಬೆಳಸೂ ದನಿ.
ಖಾಜೇಸಾಬರು ತಲಿ ಎತ್ತಲಿಲ್ಲ, ಬೆರಳು ಅಷ್ಟ ನಿಲ್ಲಿಸಿದರು.

ಆಮ್ಯಾಲ ಸಣ್ಣಂಗ ಕುಗ್ಗಾಕ ಹತ್ತಿತು.
ವಿಲ್ಸನ್ ಡಬ್ಬಿ ತಗದು ಬ್ಯಾಟರಿ ನಾಲಿಗೀಗೆ ಹಚ್ಚಿದ.
“ಖಾರ ಇಳದೈತಿ. ಸಾಯಾಕ ಬಂದೈತಿ,
ಅದಕಽ ಇಷ್ಟು ಛಂದ.”
ಹೊಸಾದು ಹಾಕಿದರ?
“ಕೆಲಸ ಮಾಡತೈತಿ. ಹಿಂಗ ಮಾಡಂಗಿಲ್ಲ.”

ಐತವಾರ ಪ್ರೋಗ್ರಾಮ್. ಮೂರು ಹಾಡಿಗೆ ಆದೀತು ಅಂತ
ಬ್ಯಾಟರಿ ಬಿಚ್ಚಿ, ಪೇಪರಿನ್ಯಾಗ ಸುತ್ತಿ
ಅಂಗಿ ಕಿಸೆದಾಗ ಇಟಗೊಂಡ.
ಬೆಟಗೇರಿ ಬಸ್ಸಿನ್ಯಾಗ ಉದ್ದಕೂ
ಅದರ ಮ್ಯಾಲೊಂದು ಕೈ ಇಟ್ಟಿರತಾನ ಬಿಡ್ರಿ, ನನಗ ಗೊತ್ತೈತಿ.