ಹೆಬ್ಬೆರಳಿನ ಕೆಲಸ

ಹನ್ನೊಂದಕ್ಕೆ ಬನ್ನಿ ಮಿಸ್, ಅಂದಿದ್ದ ಇಲಿಯಾಸ್.
ಹನ್ನೊಂದಕ್ಕಾದರೆ ನನ್ನ ಕೈಗೆ ಎಲ್ಲ ಗಾಡಿಯೂ ಒಂದೇ.
ಬಿಸಿನೀರು, ಮಾತ್ರೆ, ಎರಡು ಲೋಟ ಕಾಫಿ ದಾಟಿ
ಬೆರಳು ಅಷ್ಟೊತ್ತಿಗೆ ಸಭ್ಯವಾಗಿರುತ್ತವೆ.
ಏಳಕ್ಕೆ ಬರುತ್ತೇನೆ, ಅಂದೆ.
ರವಿಕೆಯ ಹುಕ್ಕು ಸಿಗದ ಹೊತ್ತು,
ಬ್ರಷ್ಷಿಗೆ ಬಟ್ಟೆ ಸುತ್ತಿ ಹಿಡಿಯುವ ಹೊತ್ತು.
ಆಗ ಯಾವುದು ನನ್ನ ಮಾತು ಕೇಳುತ್ತದೋ
ಅದು ನನ್ನದು.

ಸವಳಂಗ ರಸ್ತೆಯಲ್ಲಿ ಅರ್ಧ ಎತ್ತಿದ ಶಟರು.
ಬಗ್ಗಲಾರೆನೆಂದು ಗೊತ್ತಾಗಿ ಪೂರ್ತಿ ಎತ್ತಿದ.
ದುರ್ಗಿಗುಡಿಯ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ
ಸೀನಿಯರ್ ಎರಡು ಸಲ ಡುಮ್ಕಿ ಹೊಡೆದವನು.
ಕೀ ನೋಡಿ ಹೊಡೆಯುತ್ತಾನೆಂದು
ಅವನ ಕೈಮೇಲೆ ಟವೆಲು ಹೊದೆಸಿದ್ದೆ.
ಈಗ ಅವನು ನನ್ನ ಕೈ ನೋಡದ ಹಾಗೆ
ಬ್ಯಾಟರಿಯ ವಿಷಯ ಮಾತಾಡುತ್ತಿದ್ದ.

ಶಾಲೆಯ ವ್ಯಾಕರಣದಲ್ಲಿ ಕನ್ನಡಕ್ಕೆ ಮೂರೇ ಸಂಧಿ:
ಲೋಪ, ಆಗಮ, ಆದೇಶ.
ನಾಲ್ಕನೆಯದನ್ನು ರಕ್ತಪರೀಕ್ಷೆಯ ಚೀಟಿ ಕಲಿಸಿತು.
ಉಂಗುರ ಹೋಯಿತು, ಅಕ್ಕಸಾಲಿಯ ಗರಗಸಕ್ಕೆ: ಲೋಪ.
ಬಾವು ಬಂತು, ಕರೆಯದೆ: ಆಗಮ.
ಕಾಲಿನ ಜಾಗಕ್ಕೆ ಚಕ್ರ ಅನ್ನುವಲ್ಲಿ ಮಾತ್ರ
ಎರಡು ವರ್ಷ ಹಟ ಹಿಡಿದೆ.
ನಡೆದಷ್ಟೂ ಒಳ್ಳೆಯದು, ಅನ್ನುತ್ತಿದ್ದಳು ಓರಗಿತ್ತಿ ಪ್ರಫುಲ್ಲ.
ಒಮ್ಮೆ ಹಾಲಿನ ಬೂತಿನ ತನಕ ನಡೆದು
ಕಲ್ಲುಬೆಂಚಿನ ಮೇಲೆ ಕೂತವಳು
ಹಾಲು ಒಡೆದರೂ ಏಳಲಾಗಲಿಲ್ಲ.

ಮೊದಲನೆಯದು ಕೆಂಪು. ಮೂರು ಚಕ್ರ.
ನಮ್ಮ ಓಣಿಯ ತಿರುವಿಗೆ ಸರಿ, ನಿಂತಲ್ಲೇ ತಿರುಗುತ್ತದೆ.
ಆದರೆ ಬ್ರೇಕು ಸೈಕಲ್ಲಿನದು,
ನಾಲ್ಕು ಬೆರಳು ಸೇರಿ ಹಿಂಡಬೇಕು.
ನನ್ನ ನಾಲ್ಕು ಒಂದು ತೀರ್ಮಾನಕ್ಕೆ ಬರುವಷ್ಟರಲ್ಲಿ
ಗೋಡೆ ಬಂತು.

ಎರಡನೆಯದನ್ನು ಬಿಚ್ಚಿ ಕಾರಿನಲ್ಲಿಡಬಹುದಂತೆ.
ಯಾರು ಬಿಚ್ಚಬೇಕು, ಯಾವ ಕಾರು, ಅಂದೆ.

ಮೂರನೆಯದಕ್ಕೆ ನಾಲ್ಕು ಚಕ್ರ,
ನೆನೆಸಿದ ಕಡಲೆಯ ಬಣ್ಣ. ಚೆಂದವೇನಿಲ್ಲ.
ಸೀಟು ಪಕ್ಕಕ್ಕೆ ತಿರುಗುತ್ತದೆ,
ಮಂಡಿಯನ್ನು ಬೇಡಿಕೊಳ್ಳದೆ ಇಳಿಯಬಹುದು.
ಹ್ಯಾಂಡಲಿಗೆ ಮುಂಗೈ ಊರಿದರೆ ಸಾಕು.
ಬಲಗಡೆ ಒಂದು ಸಣ್ಣ ಪಟ್ಟಿ,
ಹೆಬ್ಬೆರಳಿಂದ ಒತ್ತಿದರೆ ಹೋಗುತ್ತದೆ,
ಬಿಟ್ಟರೆ ನಿಲ್ಲುತ್ತದೆ.

ಮೂವತ್ತೊಂದು ವರ್ಷ ಹೇಳಿಕೊಟ್ಟಿದ್ದೇನೆ,
ಎಂಟು ಬೆರಳಿಗೆ ಅಕ್ಷರ ಹಂಚಿದ್ದೇನೆ.
ಹೆಬ್ಬೆರಳಿಗೆ ಅಕ್ಷರವಿಲ್ಲ.
ಪದ ಮುಗಿದಾಗ ಒಂದು ಸಲ ತಟ್ಟಬೇಕು,
ಖಾಲಿ ಜಾಗ.
ಉಳಿದವು ಓಡಿ ಓಡಿ ಸವೆದವು.
ಇದೊಂದು ಏನೂ ಬರೆಯದೆ ಉಳಿದುಕೊಂಡಿತ್ತು.

ಒತ್ತಿದೆ.
ಹೊಸಿಲು ದಾಟಿತು.
ರಸ್ತೆಯಲ್ಲಿ ಪೇಪರಿನ ಹುಡುಗ,
ಸೊಪ್ಪು ತುಂಬಿದ ಲಗೇಜು ಆಟೋ.
ವೇಗದ ತಿರುಗುಣಿಯ ಒಂದು ತುದಿಗೆ ಆಮೆ, ಇನ್ನೊಂದಕ್ಕೆ ಮೊಲ.
ಆಮೆಯಲ್ಲೇ ಇಟ್ಟೆ, ಕಥೆಯನ್ನು ನಂಬಿ ಅಲ್ಲ,
ಮುಂದೆ ಒಳಚರಂಡಿಯವರು ಅಗೆದ ಗುಂಡಿಯಿತ್ತು.
ಹಿಂದಕ್ಕೆ ಬರುವಾಗ ಕೀಂ ಅಂದಿತು ಗಾಡಿ.
ಸಾಲು ಮುಗಿಯುವ ಮುಂಚೆ ಮೆಷಿನ್ನು ಹೊಡೆಯುತ್ತಿದ್ದ ಗಂಟೆ:
ಇನ್ನು ಏಳೇ ಅಕ್ಷರ, ಪದ ಮುರಿಯಬೇಡಿ.
ನಾನೂ ಇಲಿಯಾಸನೂ ಒಟ್ಟಿಗೇ ತಲೆಯೆತ್ತಿದೆವು.

ಅಗಲವಾಯಿತು, ಅನ್ನುತ್ತಾಳೆ ಪ್ರಫುಲ್ಲ,
ಗೇಟಿನ ಕಂಬ ಒಂದನ್ನು ಒಡೆಸಿದರಾಯಿತು.
ಎರಡು ವರ್ಷದಿಂದ ನಾನು ತಿಂದದ್ದು
ಬೇರೆಯವರು ಆರಿಸಿದ ಬದನೆಕಾಯಿ.
ಹುಳುಕು ಒಳಗಿರುತ್ತದೆ, ತೊಟ್ಟು ನೋಡಬೇಕು,
ಹೇಳಿದರೆ ಯಾರಿಗೂ ತಿಳಿಯುವುದಿಲ್ಲ.
ಗಾಂಧಿಬಜಾರಿಗೆ ಇಲ್ಲಿಂದ ಚಾರ್ಜು ಸಾಕಾಗುತ್ತದಾ?
ಎರಡು ಸಲ ಹೋಗಿ ಬರಬಹುದು ಮಿಸ್.

ಇದನ್ನೇ ಬರೆದುಕೋ, ಅಂದೆ.
ರಸೀದಿಗೆ ಹೆಸರು ಕೇಳಿದ.
ಮಿಸ್ ಅಂತ ಮಾತ್ರ ಗೊತ್ತು ಅವನಿಗೆ.
ಜಿನಮತಿ, ಅಂದೆ.
ಕಂಪ್ಯೂಟರಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತು
ನನ್ನನ್ನೇ ನೋಡುತ್ತ
ಕೀ ನೋಡದೆ ಹೊಡೆದ.
ಒಂದು ಅಕ್ಷರ ತಪ್ಪಿತ್ತು.
ಪಾಸು ಮಾಡಿದೆ.