ಕಾಲು ಮೈಲಿ

ಅಪ್ಪನದು ರಿಕವರಿ ಗಾಡಿ.
ಕೆಟ್ಟು ನಿಂತ ಕಾರುಗಳನ್ನು ಬೆನ್ನಿಗೇರಿಸಿಕೊಂಡು
ಇಪ್ಪತ್ತೊಂದು ವರ್ಷ ಬಹರೈನಿನ ಉದ್ದಗಲ ಅಳೆದವನು,
ಮುಳ್ಳನ್ನು ಎಂದೂ ಅರುವತ್ತು ದಾಟಿಸದೆ.

ಹಾಗೆ ಬಂದದ್ದೇ ಈ ಕ್ರೆಸಿಡಾ, ಎಂಬತ್ತಾರರ ಮಾಡೆಲ್.
ಸಿತ್ರಾ ಸೇತುವೆಯ ಮೇಲೆ ಉಸಿರು ಬಿಟ್ಟಿತ್ತು.
ಮೀನು ಮಾರುವ ಮುದುಕ ಜಾಸಿಮ್
ಕೀಲಿಯನ್ನು ಅಪ್ಪನ ಅಂಗೈಗೆ ಹಾಕಿ ‘ಖಲಾಸ್’ ಅಂದನಂತೆ,
ಐಸಿನ ಪೆಟ್ಟಿಗೆ ಮಾತ್ರ ಇಳಿಸಿಕೊಂಡು ನಡೆದೇ ಹೋದನಂತೆ.

ಸಲ್ಮಾಬಾದಿನ ಶೆಡ್ಡಿನಲ್ಲಿ ಡಿಕ್ಕಿ ತೆರೆದಾಗ
ನಾನು ಮೂಗು ಮುಚ್ಚಿದೆ.
ಅಪ್ಪ ತಲೆ ಒಳಗೆ ತೂರಿಸಿ ಬಹಳ ಹೊತ್ತು ಇದ್ದ.
‘ಅಂಜಲ್’ ಅಂದ. ಆಮೇಲೆ, ‘ಸ್ವಲ್ಪ ಬಂಗುಡೆಯೂ ಉಂಟು.’
ಮಲ್ಪೆಯಲ್ಲಿ ಬೋಟಿನ ಇಂಜಿನು ನೋಡುತ್ತಿದ್ದವನಲ್ಲವೇ.

ಡ್ರ್ಯಾಗ್ ರೇಸ್ ಅಂದರೆ ಎಂತ ಎಂದು ಹೇಳಿಕೊಟ್ಟದ್ದು ನಾನು:
ಕಾಲು ಮೈಲಿ. ನೆಟ್ಟಗೆ. ತಿರುವಿಲ್ಲ,
ಎದುರು ಬರುವವರಿಲ್ಲ, ಕೊನೆಗೆ ಯಾವ ಊರೂ ಇಲ್ಲ.
‘ಮತ್ತೆ ಎಂತಕ್ಕೆ ಮಾರಾಯ್ತಿ?’ ಅಂದ.
ಮಾರನೆಯ ದಿನ ತೂಗುವ ಮಿಷನ್ನು ಹಿಡಿದುಕೊಂಡು ಬಂದ.

ಎರಡು ವರ್ಷದ ಶುಕ್ರವಾರಗಳು
ಬಿಚ್ಚುವುದಕ್ಕೇ ಹೋದವು.
ಹಿಂದಿನ ಸೀಟು, ಹದಿನೆಂಟು ಕಿಲೋ.
ಏಸಿ, ಅದರ ಕರುಳು ಸಮೇತ, ಇಪ್ಪತ್ತೆರಡು
(ಜುಲೈಯಲ್ಲಿ ಏಸಿ ಕಿತ್ತ ಹುಚ್ಚರು ಈ ದ್ವೀಪದಲ್ಲಿ ನಾವಿಬ್ಬರೇ).
ನೆಲಕ್ಕೆ ಅಂಟಿದ ಡಾಂಬರಿನ ಮೇಲೆ ಡ್ರೈ ಐಸ್ ಹರಡಿ
ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ
ಹಪ್ಪಳದ ಹಾಗೆ ಪುಡಿಪುಡಿ.
ಪ್ರತಿಯೊಂದನ್ನೂ ತೂಗಿ, ನನ್ನ ಕೆಮಿಸ್ಟ್ರಿ ನೋಟ್‌ಬುಕ್ಕಿನ ಹಿಂಬದಿಗೆ
ಕನ್ನಡ ಅಂಕಿಗಳಲ್ಲಿ ಬರೆದ.
ಊರಿಗೆ ಹೊರಟಾಗ ಮೂವತ್ತು ಕಿಲೋದೊಳಗೆ
ಟ್ಯಾಂಗು, ಖರ್ಜೂರ, ಕಂಬಳಿ, ಅತ್ತೆಯಂದಿರ ಅಸಮಾಧಾನ
ಎಲ್ಲ ತುರುಕುತ್ತಿದ್ದ ಅದೇ ಮನುಷ್ಯ.

ಸೀಟಿನಡಿ ಸಿಕ್ಕವು: ನೂರು ಫಿಲ್ಸಿನ ಮೂರು ನಾಣ್ಯ,
ದಾರ ಹರಿದ ಜಪಮಣಿ, ಮಗುವಿನದೊಂದು ಚಪ್ಪಲಿ, ಎಡಗಾಲಿನದು.
ಚಪ್ಪಲಿಯನ್ನು ಅಪ್ಪ ತೂಗಲಿಲ್ಲ.
ಒರೆಸಿ ಕಿಟಕಿಯ ಮೇಲಿಟ್ಟ. ಈಗಲೂ ಅಲ್ಲಿದೆ.

ಇಂಜಿನು ಗುಜರಿಯ ಸುಪ್ರಾದ್ದು, ಕಂತಿನಲ್ಲಿ.
ಅಮ್ಮನಿಗೆ ಹೇಳಿದ್ದು ಅರ್ಧ ಬೆಲೆ.
ಉಳಿದರ್ಧ ಅವಳಿಗೆ ಮೊದಲೇ ಗೊತ್ತಿತ್ತು.

ಸ್ಕ್ರೂಡ್ರೈವರಿನ ತುದಿ ಇಂಜಿನಿಗೆ, ಹಿಡಿ ಕಿವಿಗೆ.
‘ಕೇಳು. ನಾಲ್ಕನೆಯದು ಕೆಮ್ಮುತ್ತದೆ.’
ನನಗೆ ಕೇಳಿಸಿದ್ದು ಗದ್ದಲ ಮಾತ್ರ.
ಏಳು ತಿಂಗಳು ಬರೀ ಗದ್ದಲ.
ಒಂದು ರಾತ್ರಿ ಕೆಮ್ಮು ಕೇಳಿಸಿತು.
ಹೇಳಲಿಲ್ಲ, ಅಪ್ಪ ಕೇಳುವ ಮೊದಲೇ ಹತ್ತರ ಸ್ಪ್ಯಾನರು ಕೊಟ್ಟೆ.

ಕೊನೆಗೆ ಉಳಿದದ್ದು ಒಂದೇ ಸೀಟು.
ಯಾರಿಗೆ ಎಂದು ಮಾತೇ ಬರಲಿಲ್ಲ.
ಅಪ್ಪ ಮಿಷನ್ನಿನ ಮೇಲೆ ನಿಂತ: ಎಂಬತ್ತೊಂಬತ್ತು.
ನಾನು ನಿಂತೆ: ಐವತ್ತೆರಡು.
ನೋಟ್‌ಬುಕ್ಕು ತೆರೆದು
ಏಸಿ, ಸೀಟು, ಡಾಂಬರಿನ ಕೆಳಗೆ
ತೆಗೆದದ್ದರ ಪಟ್ಟಿಯಲ್ಲಿ
ತನ್ನ ತೂಕವನ್ನೂ ಬರೆದುಕೊಂಡ.

ಸಖೀರಿಗೆ ಕಾರು ಹೋದದ್ದು ರಿಕವರಿಯ ಬೆನ್ನ ಮೇಲೇ.
ಮೈಕಿನವನ ಬಾಯಲ್ಲಿ ಹಂಸಿಕಾ ಕುಂದರ್
ಹಮ್ಸಕಾ ಕಂದೂರಿ ಆದಳು.
ಹೊಗೆ, ಸುಟ್ಟ ರಬ್ಬರು, ಪಕ್ಕದ ಲೇನಿನಲ್ಲಿ ಹೊಸ ಮಸ್ಟಾಂಗು.
ಹಳದಿ. ಹಳದಿ. ಹಳದಿ.
ಹಸಿರು ನಾನು ನೋಡಲೇ ಇಲ್ಲ, ಪಾದ ನೋಡಿತು.
ಮೂರನೆಯ ಗೇರು ಒಮ್ಮೆ ಜಾರಿತು, ಒಂದೇ ಸಲ, ಅಷ್ಟೇ ಸಾಕಾಯಿತು.
ಹನ್ನೆರಡು ಪಾಯಿಂಟ್ ಒಂಬತ್ತು.
ಮಸ್ಟಾಂಗಿನವ ಆಗಲೇ ನೀರು ಕುಡಿಯುತ್ತಿದ್ದ.

ಅಪ್ಪ ಕಿಟಕಿಗೆ ಬಗ್ಗಿದ. ಟೈಮು ಕೇಳಲಿಲ್ಲ.
‘ನಾಲ್ಕನೆಯದು?’
‘ಕೆಮ್ಮಲಿಲ್ಲ.’
‘ಹಾಂ’ ಅಂದ, ಟೈರು ಮುಟ್ಟಿ ನೋಡಿದ, ಕೈ ಸುಟ್ಟುಕೊಂಡ.

ಮರಳುವಾಗ ಮರುಭೂಮಿಯ ಕತ್ತಲು, ಪೈಪುಲೈನು, ಅರುವತ್ತರ ವೇಗ.
ನಮ್ಮನ್ನು ಎಲ್ಲರೂ ದಾಟಿ ಹೋದರು, ಸಿಮೆಂಟಿನ ಲಾರಿ ಸಹ.
ರಿಫಾದ ಹತ್ತಿರ ಫೋನು ಬಂತು:
ಯಾರದೋ ಗಾಡಿ ನಿಂತುಹೋಗಿದೆ, ಮಕ್ಕಳಿದ್ದಾರೆ, ಬೇಗ.
ಅಪ್ಪ ಬೇರೆ ಡ್ರೈವರನ ನಂಬರು ಕೊಟ್ಟ.
ಆ ಕಡೆಯವ ಏನೋ ಕೇಳಿರಬೇಕು.
‘ಇಲ್ಲ ಭಾಯ್, ಮೇಲೆ ಜಾಗ ಇಲ್ಲ’ ಅಂದ ಹಿಂದಿಯಲ್ಲಿ,
‘ಮಗಳ ಕಾರು ಉಂಟು.’