ತೂಕದ ಚೀಟಿಯ ಬೆನ್ನು

ಬೈತಖೋಲದ ವೇಬ್ರಿಜ್ಜಿನಲ್ಲಿ ನನ್ನ ಕೆಲಸ.
ಡಾಂಬರಿನ ಟ್ಯಾಂಕರು ಬರುತ್ತವೆ, ಹತ್ತುತ್ತವೆ,
ಹತ್ತಿದ ಮೇಲೆ ಉಸಿರೂ ಬಿಡದ ಹಾಗೆ ನಿಲ್ಲುತ್ತವೆ.
ಒಟ್ಟು ತೂಕ, ಖಾಲಿ ತೂಕ, ನಿವ್ವಳ ತೂಕ,
ಬರೆದು ಹರಿದು ಕೊಡುತ್ತೇನೆ.
ಬರೆದು ತಪ್ಪಿದ್ದು, ಅಚ್ಚು ಸೊಟ್ಟ ಬಿದ್ದದ್ದು
ನನ್ನ ಚೀಲಕ್ಕೆ.
ಬೆನ್ನು ಚೊಕ್ಕ ಇರುತ್ತದೆ.
ಆದಿತ್ಯವಾರಕ್ಕೆ ಬೇಕು.

ಆದಿತ್ಯವಾರ ಯಾರೂ ನಿಲ್ಲುವುದಿಲ್ಲ.

ಸಂತೆಯಲ್ಲಿ ಉಲ್ಲಾಸ, ಅಂಕೋಲೆಯವಳ ಎದುರು
ಕುಕ್ಕರಗಾಲಲ್ಲಿ ಕೂತು ಗೆಣಸು ತಿರುವುತ್ತಿದ್ದ.
ಬೆನ್ನು ಮುಗಿಸಿ ಭುಜಕ್ಕೆ ಬಂದಿದ್ದೆ,
ಐದು ರೂಪಾಯಿಗೆ ಜಗಳ ಮುಗಿದೇಬಿಟ್ಟಿತು.
ಚೀಟಿಯಲ್ಲಿ ಅವನಿಗೆ ಬಲಗೈ ಇಲ್ಲ.
ಅದು ಆಗಲೇ ಚೀಲ ಹಿಡಿದು
ಮೀನಿನ ಸಾಲಿನತ್ತ ಹೋಗಿತ್ತು.

ದಂಡೆಯ ಮೇಲೆ ಯುದ್ಧಹಡಗು
ಮ್ಯೂಸಿಯಮ್ಮಾಗಿ ನಿಂತಿದೆ,
ಅದನ್ನು ಯಾರು ಬೇಕಾದರೂ ಬಿಡಿಸಬಹುದು.
ಅದರಾಚೆ, ಗಾಳಿಮರದ ಬುಡದಲ್ಲಿ, ನಿನಾದ
ಏಡಿಯ ಬಿಲಕ್ಕೆ ಮೊಣಕೈ ತನಕ ಇಳಿದಿದ್ದಾನೆ.
"ಆಯಿ, ನನ್ನ ಬಿಡಿಸು, ಬೇಗ,
ಏಡಿ ಬರೋದ್ರೊಳಗೆ."
ಚಡ್ಡಿಗೆ ಮೆತ್ತಿದ ಹೊಯಿಗೆ,
ಆಕಾಶಕ್ಕೆ ತಿರುಗಿದ ಎರಡು ಹಿಮ್ಮಡಿ.
ಏಡಿ ಬರಲಿಲ್ಲ. ಅವನೇ ಎದ್ದು ಹೋದ.

ಚೀಟಿಗಳ ಮಧ್ಯೆ ಕಾರ್ಬನ್ ಸಿಕ್ಕಿಕೊಂಡದ್ದು
ಆಮೇಲೆ ಗೊತ್ತಾಯಿತು:
ಬಿಳಿಯಲ್ಲೊಬ್ಬ, ಗುಲಾಬಿಯಲ್ಲೊಬ್ಬ,
ಹಳದಿಯಲ್ಲಿ ಇದ್ದೂ ಇಲ್ಲದಂತೆ ಮೂರನೆಯವ.
"ಹಾಗಾದ್ರೆ ಮೂರು ಗೋಲಿಸೋಡಾ," ಅಂದ.

ಮಾಜಾಳಿಯ ಬಸ್ಸಿನಲ್ಲಿ ಚೈತಾಲಿ ನಿದ್ದೆಹೋದಳು.
ಸಿಕ್ಕಿದಳು ಅಂದುಕೊಂಡೆ.
ಕಿಟಕಿಯ ಸರಳಿಗೆ ಹಣೆ, ತೆರೆದ ಬಾಯಿ,
ಇನ್ನೇನು ಹಲ್ಲಿನ ಸಂದು, ಅಷ್ಟರಲ್ಲಿ
ಸದಾಶಿವಗಡದ ಹತ್ತಿರ ಹೊಂಡ.
ಮೂಗಿನ ಕೆಳಗಿಂದ ಕಿವಿಯವರೆಗೆ
ಪೆನ್ನು ಒಂದೇ ಓಟ.
"ಮೀಸೆ! ಅಕ್ಕನಿಗೆ ಮೀಸೆ!"
ಇಡೀ ಬಸ್ಸು ತಿರುಗಿ ನೋಡಿತು.
ಕಂಡಕ್ಟರನೂ ಚೀಟಿ ಕೇಳಿ ಪಡೆದು,
ಮೊದಲು ಅಭ್ಯಾಸಬಲದಿಂದ
ಮುಂಬದಿಯ ತೂಕ ಓದಿದ.

ರಾತ್ರಿ, ಎಲ್ಲ ಬಿಸ್ಕಿಟಿನ ಡಬ್ಬಿಗೆ.
ತಳದಿಂದ ಹಳೆಯದೊಂದು ಮೇಲೆ ಬಂತು:
ಕಾಳಿ ಹೊಳೆ, ಕೋಡಿಬಾಗದ ಕಡೆಯ ದಡ,
ಹಳೇ ಸೇತುವೆ, ಕಂಬಗಳನ್ನು ಎಣಿಸಬಹುದು.
ಮುಂದೆ ನಾಲ್ಕು ವರ್ಷದ ಚೈತಾಲಿ:
ಐದಾರು ಗೀಟು. ಒಂದು ಜಡೆ ಇರಬಹುದು.

"ಈ ಸೇತುವೆ ಎಲ್ಲಿದೆ?" ನಿನಾದ.
"ಬಿತ್ತು. ಮಳೆಗಾಲದ ಒಂದು ರಾತ್ರಿ."
ಚೈತಾಲಿ ಚೀಟಿಯನ್ನು ದೀಪಕ್ಕೆ ಹಿಡಿದಳು.
"ಅದು ಅಲುಗದೆ ನಿಂತಿತ್ತು,
ಅದಕ್ಕೇ ಚೆಂದ ಬಂದಿದೆ.
ನಾನು ಓಡ್ತಾ ಇದ್ದೆ."

ಬೆಳಕಿಗೆ ಆಚೆಯ ಅಂಕೆಗಳೂ ಕಂಡವು,
ತಿರುವುಮುರುವಾಗಿ,
ಅವಳ ಗೀಟುಗಳ ಸಂದಿಯಲ್ಲಿ.

ಆಮೇಲೆ ನಾನು ಮಕ್ಕಳಿಗೆ
ಅಲುಗಬೇಡಿ ಅಂದಿಲ್ಲ.

ಸೋಮವಾರ ಏಳು ಟ್ಯಾಂಕರು ಸಾಲು,
ಹಾರನ್ನಿನ ಮೇಲೆ ಹಾರನ್ನು.
ಕೊನೆಯದು ಗೇಟು ದಾಟಿದ ಮೇಲೆ ನೋಡುತ್ತೇನೆ,
ಚೀಲದಲ್ಲಿ ಬಿಳಿಯವನಿದ್ದಾನೆ, ಹಳದಿಯವನಿದ್ದಾನೆ,
ಗುಲಾಬಿಯವನಿಲ್ಲ.
ಗಡಿಬಿಡಿಯಲ್ಲಿ ಅವನ ಬೆನ್ನಿಗೇ
ಹದಿನೆಂಟು ಟನ್ನು ಚಿಲ್ಲರೆ ಬರೆದು,
ಸಹಿ ಹಾಕಿ, ಸಿಕ್ಕು ಹೊಡೆದು ಕಳಿಸಿದ್ದೆ.

ಊಟಕ್ಕೆ ಕೂತಾಗ ಒಪ್ಪಿಕೊಂಡೆ:
"ನೀನು ಹುಬ್ಬಳ್ಳಿಗೆ ಹೋದೆ ಮಾರಾಯಾ.
ಅರಬೈಲು ಘಟ್ಟ ಹತ್ತಿ,
ಯಾರದೋ ಅಂಗಿಯ ಕಿಸೆಯಲ್ಲಿ."

ಅವನು ತುತ್ತು ಹಿಡಿದ ಕೈ ಅಲ್ಲೇ ಬಿಟ್ಟು
ಬಹಳ ಹೊತ್ತು ಯೋಚಿಸಿದ.
ಅಷ್ಟು ಹೊತ್ತು ಅವನು ಅಲುಗದೇ ಇದ್ದದ್ದು
ಅದೇ ಮೊದಲು,
ನನ್ನ ಕೈಯಲ್ಲೋ ಸಾರಿನ ಸೌಟು.

"ಚಪ್ಪಲಿ ಇಲ್ಲದೇ ಹೋದೆನಾ?"